ಹಿತ್ತಲ ಓಣಿಯ ಮಾತು

ದಾಕ್ಷಕ್ಕ ಹೇಳಿಕಳಿಸಿದ್ದು ಅವರ ತಂಗಿ ವಿಶಾಲಕ್ಕ ತೀರಿಕೊಂಡ ಹನ್ನೊಂದನೆಯ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ನಾನು ತಡವಾಗಿ ಊಟಕ್ಕೆ ಕೂತಿದ್ದಾಗ. ಅಡುಗೆಮನೆಯ ಫ್ಯಾನು ಸದ್ದು ಮಾಡುತ್ತದೆ, ಇವತ್ತೇ ಬಂದು ಸರಿಮಾಡಬೇಕಂತೆ, ಸದ್ದಿಲ್ಲದೆ ಪಕ್ಕದ ಬಾಗಿಲಿಂದ ಬರಬೇಕಂತೆ. ಸಾವಾದ ಮನೆಯಿಂದ ಹನ್ನೊಂದನೆಯ ದಿನ ನನ್ನ ಕಸುಬಿನವನನ್ನು ಯಾರೂ ಕರೆಯುವುದಿಲ್ಲ. ತುತ್ತು ಕೈಯಲ್ಲೇ ನಿಂತಿತು. "ಹೋಗಲೋ ಬೇಡವೋ?" ಎಂದು ಹೆಂಡತಿಯನ್ನು ಕೇಳಿದೆ. "ಆ ತುತ್ತು ತಿನ್ನಲೋ ಬೇಡವೋ ಅಂತಲೂ ಕೇಳಿಬಿಡಿ, ಎರಡಕ್ಕೂ ಒಟ್ಟಿಗೆ ಹೇಳ್ತೀನಿ" ಅಂದಳು.

ನಮ್ಮೂರಲ್ಲಿ ಗಾಳಿ ಬೀಸುವುದಿಲ್ಲ. ಒಗೆದ ಬಟ್ಟೆ ಒಣಗಲು ಎರಡು ದಿನ ಬೇಕು. ಶಾಲೆಯ ಬಾವುಟವನ್ನು ಡ್ರಿಲ್ ಮೇಷ್ಟ್ರು ತಂತಿ ಕಟ್ಟಿ ಹರಡಿಸುತ್ತಾರೆ. ಆಡಿದ ಮಾತು ಆಡಿದ ಜಾಗದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಒಲೆಯ ಮುಂದೆ ಗೊಣಗಿದ್ದು ಸಂಜೆ ಉಪ್ಪಿನ ಜಾಡಿಗೆ ಕೈಹಾಕಿದವರ ಕಿವಿಗೆ ಬೀಳುತ್ತದೆ. ದನಿ ಬೇಗ ಉದುರಿಹೋಗುತ್ತದೆ, ಅರ್ಧ ಗಂಟೆ ಸಾಕು. ಆಮೇಲೆ ಯಾರ ಬಾಯಿಂದ ಬಂದದ್ದು ಎಂದು ಗೊತ್ತಾಗುವುದಿಲ್ಲ, ಮಾತು ಮಾತ್ರ ಸಿಪ್ಪೆ ಸುಲಿದ ಕಡಲೆಯ ಹಾಗೆ ಬಿದ್ದಿರುತ್ತದೆ. ಅದಕ್ಕೇ ಪ್ರತಿ ಅಡುಗೆಮನೆಗೂ ಎಗ್ಸಾಸ್ಟ್ ಫ್ಯಾನು. ದೀಪ ಹಚ್ಚುವ ಹೊತ್ತಿಗೆ ಹತ್ತು ನಿಮಿಷ ಹಾಕಿಬಿಟ್ಟರೆ ಒಗ್ಗರಣೆಯ ಹೊಗೆಯ ಜೊತೆ ಆ ದಿನದ ಮಾತೂ ಹಿತ್ತಲ ಓಣಿಗೆ ಹೋಗಿ ಬೀಳುತ್ತದೆ. ಓಣಿಯಲ್ಲಿ ಯಾರೂ ಓಡಾಡುವುದಿಲ್ಲ. ಬೆಳಗಿನ ಜಾವ ಮುನಿಸಿಪಾಲಿಟಿಯ ಟ್ಯಾಂಕರು ನೀರು ಹೊಡೆದು ಎಲ್ಲವನ್ನೂ ಚರಂಡಿಗೆ ಇಳಿಸಿಬಿಡುತ್ತದೆ. ಹೆಣ್ಣು ನೋಡಲು ಬಂದವರು ನೀರು ಕೇಳುವ ನೆಪದಲ್ಲಿ ಅಡುಗೆಮನೆ ಹೊಕ್ಕು ಡಬ್ಬಿಗಳ ಹತ್ತಿರ ಕಿವಿಯಿಡುತ್ತಾರೆ, ಮನೆಯವರು ಅವರು ಬರುವ ಮುಂಚೆಯೇ ಎರಡು ಸಲ ಫ್ಯಾನು ಹಾಕಿರುತ್ತಾರೆ. ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ.

ಸಾವಾದ ಮನೆಯಲ್ಲಿ ಮಾತ್ರ ಬೇರೆ ಕ್ರಮ. ಹೆಣ ಎತ್ತುವ ಮುಂಚೆಯೇ ಫ್ಯಾನಿನ ಮೂತಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಹನ್ನೊಂದು ದಿನ ಅದು ತಿರುಗಕೂಡದು. ಹೋದವರು ಕೊನೆಯಲ್ಲಿ ಏನಾದರೂ ಆಡಿದ್ದರೆ ಅದು ಮನೆಯಲ್ಲಿರಲಿ ಎಂದು. ಹನ್ನೆರಡನೆಯ ದಿನ ನೆಂಟರೆಲ್ಲ ಬಂದು ಒಬ್ಬೊಬ್ಬರಾಗಿ ಕೇಳಿಸಿಕೊಂಡು, ಸಂಜೆ ಬಟ್ಟೆ ಬಿಚ್ಚಿ ಫ್ಯಾನು ಹಾಕುತ್ತಾರೆ. ಮಾತು ಬಿಡುವ ದಿನ ಎನ್ನುತ್ತೇವೆ ಅದಕ್ಕೆ. ದಾಕ್ಷಕ್ಕನ ಮನೆಯಲ್ಲಿ ಅದು ನಾಳೆ.

ನಾನು ತುತ್ತು ಬಿಟ್ಟು ಎದ್ದು ಹೋದೆ. ಹೋಗದೆ ಇದ್ದರೆ ಸಂಜೆಯವರೆಗೂ ಹೋಗಬೇಕಿತ್ತೇನೋ ಎಂದು ಕೊರಗುತ್ತಿದ್ದೆ. ನನ್ನ ಸ್ವಭಾವವೇ ಹಾಗೆ. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ವಾಪಸು ಬಂದು ಎಳೆದು ನೋಡುವವನು. ಫ್ಯಾನು ಕೂರಿಸಿ ಬಂದ ಮನೆಗೆ ಮಾರನೆಯ ದಿನ ಮತ್ತೆ ಹೋಗಿ "ಸರಿ ಇದೆಯಾ?" ಎಂದು ಕೇಳುವವನು. ಕಸುಬು ಕಲಿಸಿದ ಗೌಸ್ ಸಾಬರು, "ತಿಪ್ಪೇಶಿ, ನಿನ್ನ ಫ್ಯಾನು ಕೆಡಲ್ಲ ಕಣೋ, ನೀನು ಕೆಡ್ತೀಯ" ಅನ್ನುತ್ತಿದ್ದರು. ಅವರು ಕಲಿಸಿದ ನಿಯಮ ಒಂದೇ. ಇನ್ನೊಬ್ಬರ ಅಡುಗೆಮನೆಯಲ್ಲಿ ಏನೂ ಕೇಳಿಸಿಕೊಳ್ಳಬಾರದು. ಅದಕ್ಕೇ ನಮ್ಮ ಕಸುಬಿನವರೆಲ್ಲ ಕೆಲಸ ಮಾಡುವಾಗ ಏನಾದರೂ ಗುನುಗುತ್ತಿರುತ್ತಾರೆ. ಸಾಬರು ಹಾಡುತ್ತಿದ್ದರು. ನನಗೆ ಹಾಡು ಬರುವುದಿಲ್ಲ, ಮಗ್ಗಿ ಹೇಳುತ್ತೇನೆ. ಸಂಜೆ ತರಗತಿಯಲ್ಲಿ ಎಲೆಕ್ಟ್ರಿಕ್ ಕೋರ್ಸಿಗೆ ಸೇರಿದಾಗ, ಮೀಸೆ ನರೆತ ಮೇಲೆ ಕಲಿತ ಮಗ್ಗಿ. ಮೂರು ವರ್ಷದ ಹಿಂದೆ ಪರೀಕ್ಷೆ ಪಾಸಾದೆ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ದಾಕ್ಷಕ್ಕ ಪಕ್ಕದ ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಎಣ್ಣೆಯ ಶಾಖಕ್ಕೆ ಮುಂಗೈ ಕಪ್ಪಾಗಿತ್ತು. ಅಕ್ಕತಂಗಿಯರಿಬ್ಬರೂ ಕೋಡುಬಳೆ ಕರಿದು ಅಂಗಡಿಗಳಿಗೆ ಹಾಕಿ ಬದುಕಿದವರು. ತಂಗಿ ಹೊಸೆಯುವುದು, ಅಕ್ಕ ಕರಿಯುವುದು. ವಿಶಾಲಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ, ಅವರನ್ನು ನೋಡಿಕೊಳ್ಳಬೇಕೆಂದು ದಾಕ್ಷಕ್ಕ ಮದುವೆಯಾಗಲಿಲ್ಲ, ಅಕ್ಕ ಆಗಲಿಲ್ಲವೆಂದು ತಂಗಿಯೂ ಆಗಲಿಲ್ಲ. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ ಎಂದು ಊರಲ್ಲಿ ಸುದ್ದಿಯಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

"ಚಪ್ಪಲಿ ಒಳಗಿಡು" ಅಂದರು. "ಯಾರಾದ್ರೂ ನೋಡಿದ್ರೆ ನೂರೆಂಟು ಕೇಳ್ತಾರೆ."

"ಅಕ್ಕ, ಇವತ್ತು ಹನ್ನೊಂದು..."

"ನಂಗೂ ಎಣಿಸೋಕೆ ಬರುತ್ತೆ. ಬಿಚ್ಚು. ಇಲ್ಲಿ ಮಾತ್ರ ಹಾಕಿ ನೋಡಬೇಡ, ನಡುಮನೆಗೆ ಒಯ್ದು ನೋಡು."

ಸ್ಟೂಲು ಹತ್ತಿ ಬಿಳಿ ಬಟ್ಟೆ ಬಿಚ್ಚಿದೆ. ಹದಿಮೂರರ ಮಗ್ಗಿ ಶುರುಮಾಡಿದೆ. ಫ್ಯಾನಿನ ಕೆಳಗೆ ಒರಳುಕಲ್ಲು. ಸ್ಕ್ರೂಗಳು ಜಿಡ್ಡಿಗೆ ಕಚ್ಚಿಕೊಂಡಿದ್ದವು. ಹದಿಮೂರಾರಲೆ ಎಪ್ಪತ್ತೆಂಟು, ಹದಿಮೂರೇಳಲೆ ತೊಂಬತ್ತೊಂದು ಎನ್ನುವಾಗ ಕೊನೆಯ ಸ್ಕ್ರೂ ಕೈಜಾರಿ ಒರಳಿನ ಹಿಂದೆ ಬಿತ್ತು. ಇಳಿದು ಬಗ್ಗಿ ತಡಕಿದೆ. ಆಗ ಕಿವಿಯ ಹತ್ತಿರವೇ, ದನಿಯೇ ಇಲ್ಲದ ಮಾತು: "ಅಕ್ಕ, ಬಿಡುಗಡೆ ಆಯ್ತಾ ನಿಂಗೆ?"

ಮಗ್ಗಿ ನಿಂತುಹೋಯಿತು. ಹದಿಮೂರೆಂಟಲೆ ಎಷ್ಟೆಂದು ಹೊಳೆಯಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ದಾಕ್ಷಕ್ಕ ಸುಮ್ಮನೆ ನನ್ನನ್ನು ನೋಡಿದರು. "ನಿಂಗೂ ಕೇಳಿಸ್ತು" ಅಂದರು.

"ಇಲ್ಲಕ್ಕ, ನಾನು ಏನೂ..."

"ಸುಳ್ಳು ಹೇಳೋಕೆ ಬರದವನು ಹೇಳಬಾರದು. ನಾಳೆ ಚೆಲುವತ್ತೆಯಿಂದ ಹಿಡಿದು ಎಲ್ಲರೂ ಬಂದು ಆ ಒರಳಿನ ಹತ್ರ ಬಗ್ತಾರೆ. ಆ ಒರಳಿಗೇ ಒರಗಿ ಕೊನೆ ಉಸಿರಲ್ಲಿ ನನ್ನ ತಂಗಿ ನನಗೆ ಕೇಳಿದ್ದು ಅದು. ಅವರೆಲ್ಲ ಏನಂದ್ಕೋತಾರೆ? ಇವಳು ಅವಳ ಸಾವು ಕಾಯ್ತಿದ್ಲು ಅಂತ ತಾನೇ? ಇವತ್ತೇ ಕಳಿಸಿಬಿಡಬೇಕು ಅದನ್ನ. ಆದ್ರೆ ಈ ಫ್ಯಾನು ಹಾಕಿದ್ರೆ ಬೀದಿ ತುದಿವರೆಗೂ ಕರಕರ ಅನ್ನುತ್ತೆ, ಹನ್ನೊಂದನೇ ದಿನ ಫ್ಯಾನ್ ಹಾಕಿದ್ಲು ಅಂತ ಊರಿಗೇ ಗೊತ್ತಾಗುತ್ತೆ. ಅದಕ್ಕೇ ಕರೆಸಿದ್ದು. ಸದ್ದು ನಿಲ್ಲಿಸಿಕೊಡು, ಅಷ್ಟೇ. ಮಿಕ್ಕಿದ್ದು ನಿನ್ನ ತಲೆನೋವಲ್ಲ."

ಮಿಕ್ಕಿದ್ದು ಯಾವತ್ತೂ ನನ್ನ ತಲೆನೋವೇ. ಆದರೂ ಫ್ಯಾನು ಹೊತ್ತುಕೊಂಡು ನಡುಮನೆಗೆ ಬಂದು, ಅಡುಗೆಮನೆಯ ಬಾಗಿಲು ಮುಚ್ಚಿ, ಹಳೆಯ ಪೇಪರು ಹಾಸಿ ಕೂತೆ. ದಾಕ್ಷಕ್ಕ ಎದುರಿನ ಮಣೆಯ ಮೇಲೆ ಕೂತರು. ಮನಸ್ಸಿನಲ್ಲಿದ್ದದ್ದು ಒಮ್ಮೆ ಬಾಯಿಗೆ ಬಂದ ಮೇಲೆ ನಿಲ್ಲಿಸಲು ಅವರಿಂದ ಆಗಲಿಲ್ಲವೆಂದು ತೋರುತ್ತದೆ.

"ನಾನಲ್ಲ ಮೊದಲು ಅಂದದ್ದು. ಅವಳು. ಒಂದು ಸಂಜೆ ಫ್ಯಾನ್ ಹಾಕಿ ಆರಿಸಿ ಆದ ಮೇಲೆ ಒಳಗೆ ಹೋದೆ, ಒಲೆ ಹತ್ರ ಮಾತು ಬಿದ್ದಿದೆ. 'ಇವಳು ಯಾವತ್ತು ಹೋಗ್ತಾಳೋ, ನಂಗೆ ಯಾವತ್ತು ಬಿಡುಗಡೆಯೋ.' ಮನೆಯಲ್ಲಿ ಇದ್ದವರು ಇಬ್ಬರೇ. ನಾನಂತೂ ಅಂದಿಲ್ಲ. ಮತ್ತೆ ಇನ್ಯಾರು? ಅವಳನ್ನ ಎತ್ತಿ ಆಡಿಸಿದವಳು ನಾನು, ತಿಪ್ಪೇಶಿ. ರಾತ್ರಿ ಉಸಿರು ಕಟ್ಟಿದ್ರೆ ಬೆನ್ನು ನೀವಿದವಳು. ನನ್ನ ಹಿಡಿತ ಅವಳಿಗೆ ಜೈಲಾಗಿತ್ತು ಅಂತ ಆವತ್ತು ಗೊತ್ತಾಯ್ತು. ಕೇಳಲಿಲ್ಲ. ಏನಂತ ಕೇಳೋದು? ಅವಳೂ ಆವತ್ತಿಂದ ಮುಖ ಕೊಡಲಿಲ್ಲ. ತಪ್ಪು ಮಾಡಿದವಳು ಮುಖ ಕೊಡ್ತಾಳಾ?"

"ಮೂರು ವರ್ಷ ಮಾತೇ ಆಡಲಿಲ್ವಾ ಅಕ್ಕ?"

"ಹಿಟ್ಟು ಮುಗಿದ್ರೆ ಖಾಲಿ ಡಬ್ಬಿ ಹೊಸಲ ಮೇಲೆ ಇಡೋಳು, ನಾನು ತುಂಬಿಸಿ ತಂದಿಡ್ತಿದ್ದೆ. ಎಣ್ಣೆ ಕಾದ್ರೆ ನಾನು ಸೌಟು ಬಡೀತಿದ್ದೆ, ಅವಳು ತಟ್ಟೆ ತರೋಳು. ಅಷ್ಟರಲ್ಲೇ ಈ ಫ್ಯಾನೂ ಕರಕರ ಶುರುಮಾಡ್ತು. ಒಳ್ಳೇದೇ ಆಯ್ತು. ಅಡುಗೆಮನೆಗೆ ಹೋಗ್ತಾ ಹಾಕೋದು, ಬರ್ತಾ ಆರಿಸೋದು. ಮಾತಾಡದ ಇಬ್ಬರ ಮಧ್ಯೆ ಒಂದು ಸದ್ದಾದ್ರೂ ಇರಲಿ ಅಂತ ರಿಪೇರಿಗೆ ಇಬ್ಬರೂ ಹೇಳಲಿಲ್ಲ. ನೀನು ಬೀದಿಯಲ್ಲಿ ಸಿಕ್ಕಿ 'ಫ್ಯಾನ್ ಹೇಗಿದೆ' ಅಂದ್ರೆ 'ಓಡ್ತಿದೆ' ಅಂತಿದ್ದೆ."

ಅದು ನಿಜ. ಎರಡು ಸಲ ಕೇಳಿದ್ದೆ, ಎರಡು ಸಲವೂ ಹಾಗೇ ಅಂದಿದ್ದರು. ಒಳಗೆ ಬಂದು ನೋಡಿರಲಿಲ್ಲ.

ಸದ್ದಿನ ಕಾರಣ ಸಿಗಲು ಬಹಳ ಹೊತ್ತು ಹಿಡಿಯಲಿಲ್ಲ. ರೆಕ್ಕೆಯನ್ನು ಕೈಯಲ್ಲಿ ಅಲ್ಲಾಡಿಸಿದರೆ ಹಲ್ಲು ಸಡಿಲವಾದ ಹಾಗೆ ಅಲ್ಲಾಡಿತು. ರೆಕ್ಕೆ ಹಿಡಿದಿಡುವ ನಟ್ಟು ಸಡಿಲ. ತಿರುಗುವಾಗ ರೆಕ್ಕೆ ವಾಲಿ ಜಾಲರಿಗೆ ತಾಗಿ ಕರಕರ ಎನ್ನುತ್ತಿತ್ತು. ಜಿಡ್ಡು ಒರೆಸಿ ನಟ್ಟು ಬಿಗಿಮಾಡಿದೆ. ಎರಡು ನಿಮಿಷದ ಕೆಲಸ. ಅಲ್ಲಿಗೇ ಬಿಟ್ಟು ಎದ್ದಿದ್ದರೆ ಆಗುತ್ತಿತ್ತು. ಆದರೆ ಬಿಗಿಮಾಡಿದ ಮೇಲೆ ನನಗೆ ಅನುಮಾನ ಬಂತು. ಆ ನಟ್ಟು ಸಡಿಲವಾಗಬಾರದು. ಅದರ ಮರೆಯನ್ನು, ಅಂದರೆ ಒಳಗಿನ ಸುರುಳಿಗೆರೆಯನ್ನು, ಎಡಗಡೆಗೆ ಕೊರೆದಿರುತ್ತಾರೆ, ಫ್ಯಾನು ತಿರುಗಿದಷ್ಟೂ ತಾನಾಗಿ ಬಿಗಿಯಾಗುತ್ತಾ ಹೋಗಲಿ ಎಂದು. ಮೂರು ವರ್ಷ ತಿರುಗಿದ ಫ್ಯಾನಿನ ನಟ್ಟನ್ನು ಬಿಚ್ಚಲು ನಾನು ಒದ್ದಾಡಬೇಕಿತ್ತು. ಅದು ಸಡಿಲವಾಗುವುದಕ್ಕೆ ಒಂದೇ ದಾರಿ.

ಸ್ಟೂಲಿನ ಮೇಲೆ ಫ್ಯಾನು ಕೂರಿಸಿ, ಮೋಟಾರಿನ ಕಡೆಯನ್ನು, ಅಂದರೆ ಅಡುಗೆಮನೆಯ ಒಳಕ್ಕಿರುವ ಮುಖವನ್ನು, ನನ್ನತ್ತ ತಿರುಗಿಸಿ, ಪ್ಲಗ್ಗಿಗೆ ಸಿಕ್ಕಿಸಿದೆ. ಸದ್ದಿಲ್ಲ. ದಾಕ್ಷಕ್ಕ "ಅಬ್ಬ" ಅಂದರು. ನಾನು ಪೇಪರಿನ ಅಂಚಿನಿಂದ ಬೆರಳಗಲದ ಒಂದು ಪಟ್ಟಿ ಹರಿದು ಜಾಲರಿಯ ಮುಂದೆ ಹಿಡಿದೆ. ಸರಿಯಾದ ಫ್ಯಾನಾದರೆ ಪಟ್ಟಿಯನ್ನು ಎಳೆದುಕೊಂಡು ಜಾಲರಿಗೆ ಅಂಟಿಸಿಕೊಳ್ಳಬೇಕು. ಅದು ಹಾರಿ ನನ್ನ ಮುಖಕ್ಕೆ ಬಡಿಯಿತು. ಮತ್ತೆ ಹಿಡಿದೆ. ಮತ್ತೆ ಮುಖಕ್ಕೆ ಬಂತು. ನನ್ನ ಸ್ವಭಾವ ಗೊತ್ತಲ್ಲ, ಐದು ಸಲ ಹಿಡಿದು ನೋಡಿದೆ.

ಈ ಫ್ಯಾನಿನ ಕಾಯಿಲು ಸುತ್ತಿ ಕೂರಿಸಿದವನು ನಾನೇ. ಮೂರು ವರ್ಷದ ಹಿಂದೆ, ಸಂಜೆ ತರಗತಿಯ ಪರೀಕ್ಷೆಯ ದಿನ. ಆರೂವರೆಗೆ ಪರೀಕ್ಷೆ, ಐದೂಮುಕ್ಕಾಲಿಗೆ ನಾನಿನ್ನೂ ಇಲ್ಲಿ ಸ್ಟೂಲಿನ ಮೇಲೆ. ವಿಶಾಲಕ್ಕ ಕೋಡುಬಳೆಯ ತಟ್ಟೆ ಹಿಡಿದು, "ತಿಂದು ಹೋಗು ತಿಪ್ಪೇಶಿ, ಖಾಲಿ ಹೊಟ್ಟೆಗೆ ಉತ್ತರ ಹೊಳೆಯಲ್ಲ" ಅಂದಿದ್ದರು. ಸ್ವಿಚ್ಚು ಹಾಕಿದೆ, ತಿರುಗಿತು, ಇಳಿದು ಓಡಿದೆ. ಎರಡು ತಂತಿ ಅದಲುಬದಲಾಗಿದ್ದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ, ಕಾಗದ ಹಿಡಿದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಒಂದು ಸಲವೂ ಹಿಡಿದು ನೋಡಲಿಲ್ಲ. ಆವತ್ತಿನ ಪ್ರಶ್ನೆಪತ್ರಿಕೆಯಲ್ಲಿ ಮೂರನೆಯ ಪ್ರಶ್ನೆಯೇ ಇದು: ಎಗ್ಸಾಸ್ಟ್ ಫ್ಯಾನು ಸರಿಯಾದ ದಿಕ್ಕಿಗೆ ಗಾಳಿ ಎಳೆಯುತ್ತಿದೆಯೆಂದು ಹೇಗೆ ಪರೀಕ್ಷಿಸುವಿರಿ? ಎರಡು ಅಂಕ. ಕಾಗದದ ಪಟ್ಟಿಯ ಚಿತ್ರ ಬರೆದು ಎರಡಕ್ಕೆ ಎರಡು ತೆಗೆದುಕೊಂಡೆ.

ಮೂರು ವರ್ಷ ಈ ಫ್ಯಾನು ಈ ಮನೆಯ ಮಾತನ್ನು ಓಣಿಗೆ ಕಳಿಸಲಿಲ್ಲ. ಓಣಿಯ ಮಾತನ್ನು ಒಳಗೆ ಎಳೆದು ಹಾಕಿತು.

ಮುಂದಿನದು ನಿಧಾನವಾಗಿ ಹೊಳೆಯಿತು, ನಾನು ಚುರುಕಿನವನಲ್ಲ. ಒಲೆಯ ಹತ್ತಿರ ಬಿದ್ದಿದ್ದ ಮಾತು ದಾಕ್ಷಕ್ಕನಿಗೆ ಕೇಳಿಸಿದ್ದರೆ ವಿಶಾಲಕ್ಕನಿಗೂ ಕೇಳಿಸಿರಬೇಕು. ಅವರೂ ಮನೆಯಲ್ಲಿ ಇರುವವರು ಇಬ್ಬರೇ ಅಂದುಕೊಂಡಿರಬೇಕು. ಅಕ್ಕ ತನ್ನಿಂದ ಬೇಸತ್ತಳು, ತನಗಾಗಿ ಮದುವೆಯನ್ನೇ ಬಿಟ್ಟವಳು ಈಗ ಬಿಡುಗಡೆ ಕೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಮೂರು ವರ್ಷ ಅದನ್ನೇ ಎದೆಯಲ್ಲಿಟ್ಟುಕೊಂಡು, ಕೊನೆಗೆ ಉಸಿರು ನಿಲ್ಲುವಾಗ ಕೇಳಿದ್ದಾರೆ. ಅದು ಚುಚ್ಚುಮಾತಲ್ಲ. ನಿಜವಾಗಿ ಕೇಳಿದ್ದು.

ಎರಡು ತಂತಿ ಅದಲುಬದಲು ಮಾಡಿ, ಟೇಪು ಸುತ್ತಿ, ಕಾಗದ ಹಿಡಿದೆ. ಜಾಲರಿಗೆ ಅಂಟಿಕೊಂಡಿತು. ಹೇಳದೆ ಹೋದರೆ ದಾಕ್ಷಕ್ಕ ಈ ಸಂಜೆ ಆ ಮಾತನ್ನು ಓಣಿಗೆ ತಳ್ಳುತ್ತಾರೆ, ಟ್ಯಾಂಕರು ಬಂದು ಚರಂಡಿಗೆ ಇಳಿಸುತ್ತದೆ, ಸಾಯುವವರೆಗೂ ತಂಗಿ ತನ್ನನ್ನು ಅಣಕಿಸಿ ಸತ್ತಳೆಂದೇ ನಂಬುತ್ತಾರೆ. ಹೇಳಿದರೆ ತಂಗಿ ವಾಪಸು ಸಿಗುತ್ತಾಳೆ, ಆದರೆ ಸತ್ತು ಹನ್ನೊಂದು ದಿನವಾದವಳು. ಯಾವುದು ದೊಡ್ಡ ಪಾಪ ಎಂದು ಗೌಸ್ ಸಾಬರಿದ್ದಿದ್ದರೆ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಕಸುಬಿನ ಹೆಸರೂ ಒಂದು ಕ್ಷಣ ನೆನಪಿಗೆ ಬಂತು. ಗಾಜು ಹಾಕಿಸಿದ ಸರ್ಟಿಫಿಕೇಟೂ ಬಂತು.

ಫ್ಯಾನು ಕೂರಿಸಿ ಇಳಿದೆ. ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು, ಬೀದಿಯಲ್ಲಿ ಆಗಲೇ ಒಂದೊಂದು ಮನೆಯ ಫ್ಯಾನು ಶುರುವಾಗಿತ್ತು. ದಾಕ್ಷಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

"ಅಕ್ಕ, ತಡೀರಿ. ಹಾಕಬೇಡಿ."

"ಯಾಕೆ, ಸರಿಯಾಗಿಲ್ವಾ?"

"ಈಗ ಸರಿಯಾಗಿದೆ. ಮೂರು ವರ್ಷದಿಂದ ಇರಲಿಲ್ಲ." ಕಾಗದದ ಪಟ್ಟಿ ಇನ್ನೂ ನನ್ನ ಬೆರಳಲ್ಲೇ ಇತ್ತು. ಅದನ್ನು ತೋರಿಸಿ ಎಲ್ಲ ಹೇಳಿದೆ. ತಂತಿ, ನಟ್ಟು, ಪರೀಕ್ಷೆ, ಓಣಿ. ಕೊನೆಗೆ, "ಆ ಮಾತು ವಿಶಾಲಕ್ಕ ಆಡಿದ್ದಲ್ಲ. ಅವರಿಗೂ ಅದೇ ಮಾತು ಕೇಳಿಸಿದೆ. ನೀವು ಆಡಿದ್ದು ಅಂದುಕೊಂಡಿದ್ದಾರೆ" ಅಂದೆ.

ದಾಕ್ಷಕ್ಕನ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಆಮೇಲೆ ಅವರು ಕೇಳಿದ್ದು ನಾನು ಕಾದಿದ್ದ ಪ್ರಶ್ನೆಯಲ್ಲ.

"ಹಾಗಾದ್ರೆ ಯಾರ ಮಾತು ಅದು?"

"ಗೊತ್ತಿಲ್ಲಕ್ಕ. ಆ ಓಣಿಗೆ ನಲವತ್ತು ಮನೆಯ ಫ್ಯಾನಿದೆ. ದನಿ ಉದುರಿದ ಮೇಲೆ..." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಹೇಳಿ ಮನೆಗೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. "ಆ ವರ್ಷ ನಮ್ಮಮ್ಮ ಹಾಸಿಗೆ ಹಿಡಿದಿದ್ರು. ಹದಿನಾಲ್ಕು ತಿಂಗಳು. ನಮ್ಮ ಮನೆ ಫ್ಯಾನೂ ಆ ಓಣಿಗೇ. ನಾನಂದಿರಬಹುದು, ನನ್ನ ಹೆಂಡತಿ ಅಂದಿರಬಹುದು. ಹಾಸಿಗೆ ಹಿಡಿದವರಿದ್ದ ಮನೆಯಲ್ಲಿ ಯಾರೂ ಅನ್ನದೇ ಇರೋ ಮಾತಲ್ಲ ಅದು. ಇಲ್ಲ ಅಂತ ಆಣೆ ಇಡೋಕೆ ನನ್ನಿಂದ ಆಗಲ್ಲ."

ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅದರಲ್ಲಿ ಸಿಟ್ಟು ಇದ್ದಿದ್ದರೆ ಹಗುರಾಗುತ್ತಿತ್ತು. ಮಣೆಯ ಮೇಲೆ ಕುಸಿದು ಕೂತರು.

"ಹೊಗೆ ಕೂಡ ಹೋಗ್ತಿರಲಿಲ್ಲ, ಅಲ್ವಾ? ಕರಿಯುವಾಗ ಇಬ್ಬರೂ ಕೆಮ್ಮುತ್ತಿದ್ವಿ. ಸದ್ದು ಮಾಡೋ ಫ್ಯಾನು, ಶಕ್ತಿ ಇಲ್ಲ ಅಂದ್ಕೊಂಡಿದ್ವಿ. ಅವಳಿಗೆ ಉಬ್ಬಸ."

"ಹೌದಕ್ಕ" ಅಂದೆ. ಆ ಲೆಕ್ಕವನ್ನು ನಾನು ಅವರಿಗಿಂತ ಮೊದಲೇ ಹಾಕಿ ಮುಗಿಸಿದ್ದೆ.

"ನಿನ್ನ ಸರ್ಟಿಫಿಕೇಟು ಗೋಡೆ ಮೇಲಿದೆಯಾ?"

"ಇದೆ."

"ಇರಲಿ." ಎದ್ದು ಬಿಳಿ ಬಟ್ಟೆ ನನ್ನ ಕೈಗೆ ಕೊಟ್ಟರು. "ಕಟ್ಟು ಇದನ್ನ. ನಾಳೆ ಬಾ. ಮುಂಬಾಗಿಲಿಂದ ಬಾ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಯಾವತ್ತೂ ಏನಾದರೊಂದು ಕುಟುಕುವವಳು ಆವತ್ತು ಎದ್ದು ಹೋಗಿ ನಮ್ಮ ಫ್ಯಾನಿನ ಮುಂದೆ ಕಾಗದ ಹಿಡಿದು ನೋಡಿ ಬಂದಳು. ಅದು ಸರಿಯಾಗಿತ್ತು. "ಅಮ್ಮನ ವಿಚಾರ ಯಾಕೆ ಹೇಳಿದ್ರಿ?" ಎಂದು ಮಾತ್ರ ಕೇಳಿದಳು.

ಹನ್ನೆರಡನೆಯ ದಿನ ನಾನು ಹೋಗುವಷ್ಟರಲ್ಲಿ ನಡುಮನೆ ತುಂಬ ನೆಂಟರು. ದಾಕ್ಷಕ್ಕನ ಸೋದರತ್ತೆ ಚೆಲುವಮ್ಮ ಬಾಗಿಲಿಗೆ ನೇರವಾಗಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಎಂಬತ್ತು ದಾಟಿದ್ದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ. "ಏನೇ ದಾಕ್ಷಾ, ಮಾತು ಬಿಡೋ ದಿನ ಫ್ಯಾನಿನವನನ್ನ ಕರೆಸಿದ್ದೀಯ? ಇವನ್ಯಾವ ಕಡೆಯ ನೆಂಟ?" ಅಂದರು. "ಹತ್ತಿರದ ನೆಂಟನೇ ಅತ್ತೆ" ಅಂದರು ದಾಕ್ಷಕ್ಕ. ನಾನು ಕಂಬ ಹಿಡಿದು ನಿಂತೆ.

ಮೊದಲು ಹೋದದ್ದು ಚೆಲುವಮ್ಮನೇ, ದೊಡ್ಡವರಲ್ಲವೇ. ಇಬ್ಬರು ಹಿಡಿದುಕೊಂಡು ಒರಳಿನ ಹತ್ತಿರ ಬಗ್ಗಿಸಿದರು. ಏಳುವಾಗ ಬಾಯಲ್ಲಿದ್ದ ಎಲೆ ಅಗಿಯುವುದು ನಿಂತಿತ್ತು. ಒಬ್ಬೊಬ್ಬರಾಗಿ ಹೋಗಿ ಬಂದರು, ಬಂದವರು ದಾಕ್ಷಕ್ಕನ ಮುಖ ನೋಡದೆ ಗೋಡೆ ನೋಡುತ್ತಾ ಕೂತರು. ದೂರದಿಂದ ಬಂದಿದ್ದ ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಸಾಯೋಳು ಕೇಳೋ ಮಾತೇನೇ ಅದು?" ಅಂದರು ಚೆಲುವಮ್ಮ. "ಏನು ಮಾಡಿದ್ದೆಯೇ ನೀನು ಅವಳಿಗೆ? ಮೂರು ವರ್ಷ ಮಾತು ಬಿಟ್ಟದ್ದು ಸಾಲದಾಗಿತ್ತಾ?"

ದಾಕ್ಷಕ್ಕ ನನ್ನ ಕಡೆ ತಿರುಗಿದರು. "ಹೇಳು ತಿಪ್ಪೇಶಿ."

ನಾನು ಹೇಳಿದೆ. ಹಿಂದಿನ ದಿನ ಒಬ್ಬರ ಮುಂದೆ ಹೇಳಿದ್ದನ್ನು ಹದಿನೇಳು ಜನರ ಮುಂದೆ. ನಡುವೆ ಎರಡು ಸಲ ತಡವರಿಸಿ ಮತ್ತೆ ಮೊದಲಿಂದ ಶುರುಮಾಡಿದೆ. ಅಮ್ಮನ ವಿಚಾರವನ್ನೂ ಬಿಡಲಿಲ್ಲ. ಮುಗಿದಾಗ ಯಾರೂ ಬಯ್ಯಲಿಲ್ಲ. ಅವರಲ್ಲಿ ಆರು ಮನೆಯವರು ಆಮೇಲೆ ನನ್ನನ್ನು ಕರೆಯುವುದನ್ನು ಬಿಟ್ಟರು, ಇಬ್ಬರು ಅಲ್ಲಿಂದಲೇ ಎದ್ದು ಮನೆಗೆ ಹೋಗಿ ತಮ್ಮ ಫ್ಯಾನಿಗೆ ಕಾಗದ ಹಿಡಿದು ನೋಡಿ ಬಂದರಂತೆ. ನನ್ನ ಕೈ ಸೋಕಿದ ಒಂದೊಂದು ಫ್ಯಾನನ್ನೂ ನಾನು ಆ ತಿಂಗಳಲ್ಲಿ ಮತ್ತೆ ಹೋಗಿ ನೋಡಿದೆ. ಇನ್ನೊಂದೂ ತಪ್ಪಾಗಿರಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ.

ಚೆಲುವಮ್ಮ ತಲೆ ತಗ್ಗಿಸಿ, "ಒಂದು ಮಾತು ಕೇಳಬಾರದಾಗಿತ್ತೇನೇ ಇಬ್ಬರಲ್ಲೊಬ್ಬಳು?" ಅಂದರು. ಕೇಳಿದ ಮಾತೂ ನಮ್ಮೂರಲ್ಲಿ ಉಳಿದುಬಿಡುತ್ತದೆ, ಅದಕ್ಕೇ ಕೇಳಲು ಎಲ್ಲರಿಗೂ ಭಯ.

ದಾಕ್ಷಕ್ಕ ಎದ್ದು ಅಡುಗೆಮನೆಗೆ ಹೋದರು. ಒರಳಿನ ಮುಂದೆ ಮಂಡಿಯೂರಿ, ಅಲ್ಲಿ ಯಾರೋ ಮಲಗಿದ್ದಾರೆ ಎನ್ನುವಷ್ಟು ಮೆಲ್ಲಗೆ ಬಗ್ಗಿದರು. ಮೂರು ವರ್ಷವಾಗಿತ್ತು ಅವರು ಆ ಅಡುಗೆಮನೆಯಲ್ಲಿ ತಂಗಿಯೊಡನೆ ಮಾತಾಡಿ.

"ಇಲ್ಲ ಕಣೇ ವಿಶಾಲು" ಅಂದರು. "ಆಗಿಲ್ಲ. ನಂಗೆ ಬೇಕೂ ಇರಲಿಲ್ಲ ಅದು."

ಹೊರಗೆ ಬಂದು, "ಈಗಲೇ ಬಿಡೋದು ಬೇಡ. ಸಂಜೆವರೆಗೂ ಎರಡೂ ಅಲ್ಲೇ ಕೂತಿರಲಿ" ಅಂದರು. ಕೂತಿದ್ದವು. ಬಡಿಸಲು ಒಳಗೆ ಹೋಗಿಬಂದ ಹೆಂಗಸರು ಒರಳಿನ ಬಳಿ ಕಾಲಿನ ಸಪ್ಪಳ ಮಾಡದೆ ನಡೆದರು. ನನಗೂ ಎಲೆ ಹಾಕಿದರು. ಉಂಡೆನೋ ಇಲ್ಲವೋ ನೆನಪಿಲ್ಲ. ಮಧ್ಯಾಹ್ನ ಯಾವಾಗಲೋ ಸೌಟು ತರಲು ಹೋದ ಒಬ್ಬಳು ಮೆಲ್ಲಗೆ ಬಂದು, "ಅಕ್ಕನ ದನಿಯೂ ಉದುರಿತು" ಎಂದು ಹೇಳಿದಳು. ಇನ್ನು ಆ ಎರಡರಲ್ಲಿ ಯಾವುದು ಸತ್ತವಳ ಮಾತು, ಯಾವುದು ಬದುಕಿದ್ದವಳದು ಎಂದು ದನಿಯಿಂದ ಹೇಳುವ ಹಾಗಿರಲಿಲ್ಲ.

ದೀಪ ಹಚ್ಚಿದ ಮೇಲೆ ದಾಕ್ಷಕ್ಕ ನನ್ನನ್ನು ಒಳಗೆ ಕರೆದರು. ನೆಂಟರು ಬಾಗಿಲ ಹೊರಗೆ ನಿಂತರು. ಬಿಳಿ ಬಟ್ಟೆ ಅವರೇ ಬಿಚ್ಚಿ ಮಡಿಸಿಟ್ಟು, ಒರಳಿಗೆ ಒರಗಿ ಕೂತು, ಕಣ್ಣು ಮುಚ್ಚಿ, "ನೀನೇ ಹಾಕು. ಕಾಗದ ಹಿಡಿದು ಹಾಕು" ಅಂದರು.

ಪಟ್ಟಿಯನ್ನು ಜಾಲರಿಯ ಮುಂದೆ ಹಿಡಿದು ಸ್ವಿಚ್ಚು ಒತ್ತಿದೆ. ಪಟ್ಟಿ ಒಮ್ಮೆ ನಡುಗಿ, ಜಾಲರಿಗೆ ಅಂಟಿಕೊಂಡು ನಿಂತಿತು. ನಾನು ಮಗ್ಗಿ ಹೇಳಲಿಲ್ಲ. ಮೊದಲು ಪ್ರಶ್ನೆ, ಅದರ ಬೆನ್ನಿಗೇ ಉತ್ತರ, ಎರಡೂ ನನ್ನ ಕೆನ್ನೆಯ ಪಕ್ಕದಿಂದ ಹಾದು ಓಣಿಯ ಕಡೆ ಹೋದವು. ಆಮೇಲೆ ಅಡುಗೆಮನೆಯಲ್ಲಿ ಏನೂ ಉಳಿಯಲಿಲ್ಲ. ಫ್ಯಾನಂತೂ ಉಸಿರಿನಷ್ಟೂ ಸದ್ದು ಮಾಡುತ್ತಿರಲಿಲ್ಲ. ನಾನು ಮಾಡಿದ ಕೆಲಸಗಳಲ್ಲೇ ಅಷ್ಟು ಸರಿಯಾದದ್ದು ಇನ್ನೊಂದಿರಲಾರದು.

ದಾಕ್ಷಕ್ಕ ಕಣ್ಣು ಮುಚ್ಚಿಯೇ ಇದ್ದರು. ತಲೆ ಫ್ಯಾನಿನ ಕಡೆಗೆ ವಾಲಿತ್ತು. ಇಷ್ಟು ವರ್ಷ ಕೇಳಿದ ಆ ಕರಕರಕ್ಕೆ ಕಾಯುತ್ತಿದ್ದರು. ತುಂಬ ಹೊತ್ತು ಕಾದರು.

"ಹಾಕಿದ್ಯಾ?" ಅಂದರು ಕೊನೆಗೆ.

"ಹಾಕಿ ಆಯ್ತಕ್ಕ" ಅಂದೆ.